ಕಟ್ಟಿದವರು ಹೋದ ಮೇಲೂ ಉಳಿಯಬೇಕಾದ ಲೆಕ್ಕ



ಮುಧೋಳ ತಾಲೂಕಿನ ತಿಮ್ಮಾಪುರ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬಿನ ಹಂಗಾಮಿನಲ್ಲಿ ಇಂಥ ಊರಿನ ರಸ್ತೆಯ ಬದಿಗೆ ನಿಂತರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಪ್ರತಿಯೊಂದು ಗಾಡಿಯೂ ಮೊದಲು ಕಾಟಾದ ಮೇಲೆ ನಿಲ್ಲುತ್ತದೆ. ತುಂಬಿದ ಗಾಡಿಯ ತೂಕದಲ್ಲಿ ಬರಿಗಾಡಿಯ ತೂಕ ಕಳೆದರೆ ಕಬ್ಬಿನ ತೂಕ ಸಿಗುತ್ತದೆ. ಅದನ್ನು ನಮೂದಿಸಿದ ಚೀಟಿ ರೈತನ ಕೈ ಸೇರುತ್ತದೆ. ಅದೇ ಅಂಕಿ ಕಾರ್ಖಾನೆಯ ದಾಖಲೆಯಲ್ಲೂ ಉಳಿಯುತ್ತದೆ. ಹಣ ಪಾವತಿಯಾಗುವ ಹೊತ್ತಿಗೆ ಕಬ್ಬು ಇರುವುದಿಲ್ಲ, ಅದು ಸಕ್ಕರೆಯಾಗಿ ಹೋಗಿರುತ್ತದೆ. ಉಳಿದಿರುವುದು ಅಂಕಿ ಮಾತ್ರ. ಆ ಅಂಕಿಯನ್ನು ಯಾರು, ಯಾವಾಗ, ಯಾವ ಗಾಡಿಗಾಗಿ ಬರೆದರು ಎಂಬುದು ಸ್ಪಷ್ಟವಾಗಿದ್ದರೆ ಜಗಳವಿಲ್ಲ.

ಅಣೆಕಟ್ಟು, ಕಾಲುವೆ, ಸೇತುವೆ, ಆಸ್ಪತ್ರೆ ಇವುಗಳನ್ನು ಕಟ್ಟುವ ಕೆಲಸದಲ್ಲೂ ಮಾಹಿತಿಯ ಪ್ರಶ್ನೆ ಇದೇ. ಆದರೆ ಅಲ್ಲಿ ಒಂದು ಚೀಟಿಯಲ್ಲ, ಲಕ್ಷಾಂತರ ಚೀಟಿಗಳು. ಅವು ಒಂದು ಹಂಗಾಮು ಉಳಿದರೆ ಸಾಲದು, ಒಂದೆರಡು ತಲೆಮಾರು ಉಳಿಯಬೇಕು. ಆ ಮಾಹಿತಿಯನ್ನು ಗಣಕಯಂತ್ರದ ನೆರವಿನಿಂದ ಹೇಗೆ ಕಾಪಾಡಬೇಕು ಎಂಬುದು ಇಂದಿನ ಮಾತಿನ ವಿಷಯ.

ನಿಮ್ಮ ಜಿಲ್ಲೆಯ ಸಮೀಪದ ಉದಾಹರಣೆಯನ್ನೇ ನೋಡೋಣ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಂದಿನ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದವರು 2006ರಲ್ಲಿ ರಾಷ್ಟ್ರಪತಿಗಳಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ. ನಡುವೆ ಕಳೆದದ್ದು 42 ವರ್ಷ. ಮೊದಲ ವರ್ಷ ಕೆಲಸಕ್ಕೆ ಸೇರಿದ ತರುಣ ಇಂಜಿನಿಯರ್ ಕೊನೆಯ ಸಮಾರಂಭದ ಹೊತ್ತಿಗೆ ನಿವೃತ್ತನಾಗಿ ವರ್ಷಗಳೇ ಕಳೆದಿರುತ್ತವೆ. ಆತನ ತಲೆಯಲ್ಲಿದ್ದ ತಿಳಿವಳಿಕೆ ಆತನೊಂದಿಗೇ ಮನೆಗೆ ಹೋಗುತ್ತದೆ. ಬರೆದಿಟ್ಟದ್ದು ಮಾತ್ರ ಮುಂದಿನವನಿಗೆ ಸಿಗುತ್ತದೆ.

ನಮ್ಮ ಹಿಂದಿನವರಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳಲ್ಲಿ ‘ಅಳತೆ ಪುಸ್ತಕ’ ಎಂಬುದೊಂದಿದೆ, ಕಚೇರಿಯಲ್ಲಿ ಎಂ.ಬಿ. ಎನ್ನುತ್ತಾರೆ. ಅಗೆದ ಮಣ್ಣು, ಸುರಿದ ಕಾಂಕ್ರೀಟು, ಹಾಕಿದ ಕಬ್ಬಿಣ ಎಲ್ಲವನ್ನೂ ಸ್ಥಳದಲ್ಲೇ ಅಳೆದು ಅದರಲ್ಲಿ ಬರೆಯಬೇಕು. ಪುಟಗಳಿಗೆ ಮೊದಲೇ ಸಂಖ್ಯೆ ಮುದ್ರಿಸಿರುತ್ತದೆ, ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಸಹಿ ಹಾಕಬೇಕು. ಹಳೆಯ ತಪ್ಪೂ ಓದುವವನಿಗೆ ಕಾಣಬೇಕೆಂಬುದೇ ಇದರ ಉದ್ದೇಶ. ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದು ಈ ಪುಸ್ತಕದ ಆಧಾರದ ಮೇಲೆ. ಗಣಕಯಂತ್ರ ಬರುವ ಎಷ್ಟೋ ಮೊದಲೇ ಇದ್ದ ಶಿಸ್ತು ಇದು.

ಹಾಗಾದರೆ ಕಾಗದದ ಕೊರತೆ ಯಾವುದು? ಕಾಗದ ಒಂದು ಕಾಲಕ್ಕೆ ಒಂದೇ ಜಾಗದಲ್ಲಿರುತ್ತದೆ. ಅದರ ಪ್ರತಿ ತೆಗೆದರೆ ಪ್ರತಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ವಿನ್ಯಾಸ ಕಚೇರಿಯಲ್ಲಿ ಒಂದು ತೊಲೆಯ ನಕ್ಷೆ ಬದಲಾಯಿತು ಎಂದಿಟ್ಟುಕೊಳ್ಳಿ. ಹೊಸ ನಕ್ಷೆ ಅಂಚೆಯಲ್ಲಿ ಹೊರಟಿದೆ. ಕಾಮಗಾರಿ ಸ್ಥಳದ ಶೆಡ್ಡಿನಲ್ಲಿ ಹಳೆಯ ನಕ್ಷೆ ಮೊಳೆಗೆ ತೂಗಿಕೊಂಡೇ ಇದೆ. ಬಾರ್‌ಬೆಂಡಿಂಗ್ ಮೇಸ್ತ್ರಿ ಅದನ್ನೇ ನೋಡಿ ಸರಳು ಕಟ್ಟುತ್ತಾನೆ. ಇಲ್ಲಿ ಮೇಸ್ತ್ರಿಯ ಕೈ ತಪ್ಪಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ತಲುಪಲಿಲ್ಲ, ಅಷ್ಟೇ. ಕಾಂಕ್ರೀಟು ಗಟ್ಟಿಯಾದ ಮೇಲೆ ಗೊತ್ತಾದರೆ ಒಡೆಯಬೇಕು. ಗೊತ್ತಾಗದೇ ಹೋದರೆ ಅದಕ್ಕಿಂತ ಕೆಡುಕು.

ಇದಕ್ಕೆ ಪರಿಹಾರವೆಂದು ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ತುಂಬಿದರೆ ಸಾಕೇ? ಸಾಲದು. ಕೋಣೆಯಲ್ಲಿದ್ದ ರಾಶಿ ಯಂತ್ರದಲ್ಲಿ ರಾಶಿಯಾಗುತ್ತದೆ. ‘ಹೊಸ ನಕ್ಷೆ’, ‘ಕೊನೆಯ ನಕ್ಷೆ’, ‘ನಿಜವಾದ ಕೊನೆಯ ನಕ್ಷೆ’ ಎಂದು ಮೂರು ಕಡತಗಳಿದ್ದರೆ ಯಾವುದನ್ನು ನಂಬುವುದು?

ಈ ವಿಷಯಕ್ಕೆ 2018ರಲ್ಲಿ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿತು. ಅದರ ತಿರುಳು ಸರಳವಾದದ್ದು. ಯೋಜನೆಯಲ್ಲಿ ಪಾಲ್ಗೊಂಡ ಎಲ್ಲರಿಗೂ ಒಂದೇ ಸಾಮಾನ್ಯ ಭಂಡಾರವಿರಬೇಕು. ಅದರಲ್ಲಿನ ಪ್ರತಿಯೊಂದು ಕಡತಕ್ಕೂ ತನ್ನದೇ ಆದ ಗುರುತು ಇರಬೇಕು. ಕಡತ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರಬೇಕು: ಇನ್ನೂ ತಯಾರಾಗುತ್ತಿರುವುದು, ಇತರರ ಪರಿಶೀಲನೆಗೆ ಕೊಟ್ಟದ್ದು, ಒಪ್ಪಿಗೆ ಪಡೆದು ಬಳಕೆಗೆ ಬಂದದ್ದು, ಹಳತಾಗಿ ಸಂಗ್ರಹ ಸೇರಿದ್ದು. ಯಾರು ಬದಲಿಸಿದರು, ಯಾರು ಒಪ್ಪಿದರು ಎಂಬುದೂ ಉಳಿಯಬೇಕು. ಗಮನಿಸಿ, ಅಳತೆ ಪುಸ್ತಕದ ಪುಟಸಂಖ್ಯೆ, ಗೆರೆ, ಸಹಿ ಇವೇ ಇಲ್ಲಿ ಹೊಸ ಉಡುಪಿನಲ್ಲಿ ಬಂದಿವೆ. ಇದರ ಜೊತೆಗೆ ‘ಬಿಮ್’ ಎಂಬ ಕಟ್ಟಡ ಮಾಹಿತಿ ಮಾದರಿಯೂ ಬೆಳೆದಿದೆ. ಇದರಲ್ಲಿ ಕಿಟಕಿ ಬರಿಯ ಗೆರೆಯಲ್ಲ. ಅದರ ಅಳತೆ, ತೂಕ, ತಯಾರಕರು, ದುರಸ್ತಿಯ ದಿನ ಎಲ್ಲವೂ ಆ ಚಿತ್ರಕ್ಕೇ ಅಂಟಿಕೊಂಡಿರುತ್ತವೆ. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರಲ್ಲಿ ಇದನ್ನು ಕಡ್ಡಾಯ ಮಾಡಿತು.

ಇದೆಲ್ಲ ಕಚೇರಿಯ ಅಚ್ಚುಕಟ್ಟು, ನಮಗೇನು ಎಂದು ನೀವು ಕೇಳಬಹುದು. ಎರಡು ಉತ್ತರ ಕೊಡುತ್ತೇನೆ.

ಮೊದಲನೆಯದು ನೆಲದ ಉತ್ತರ. ಆಲಮಟ್ಟಿಯಲ್ಲಿ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಹೇಳಿದ ಮಟ್ಟ 524.256 ಮೀಟರ್. ವ್ಯತ್ಯಾಸ ಐದು ಮೀಟರಿಗಿಂತಲೂ ಕಡಿಮೆ, ಸುಮಾರು 15 ಅಡಿ. ಆದರೆ ಕೃಷ್ಣೆ, ಘಟಪ್ರಭೆಗಳ ದಡದ ಸಪಾಟು ಎರೆಭೂಮಿಯಲ್ಲಿ ಆ 15 ಅಡಿ ಎಷ್ಟೋ ಹಳ್ಳಿಗಳ ಹಣೆಬರಹ. ಬಾಗಲಕೋಟೆ ಪಟ್ಟಣದ ಒಂದು ಭಾಗ ಮುಳುಗಿ ನವನಗರ ಎದ್ದದ್ದನ್ನು ನಿಮ್ಮ ಹಿರಿಯರು ಕಂಡಿದ್ದಾರೆ. ಯಾರ ಹೊಲ ರೇಖೆಯ ಒಳಗೆ, ಯಾರದ್ದು ಹೊರಗೆ ಎಂದು ಹೇಳಬೇಕಾದರೆ ಸರ್ವೆಯ ಮಟ್ಟವೂ ಹೊಲದ ಉತಾರವೂ ಒಂದನ್ನೊಂದು ಒಪ್ಪಬೇಕು. ಕರ್ನಾಟಕದ ‘ಭೂಮಿ’ ಯೋಜನೆ 2000ದ ಸುಮಾರಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ತಂದದ್ದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಆದರೂ ಎಚ್ಚರ ಬೇಕು. ಕೈಬರಹದಲ್ಲಿದ್ದ ತಪ್ಪು ಹೆಸರನ್ನು ಯಂತ್ರಕ್ಕೆ ಹಾಗೆಯೇ ಏರಿಸಿದರೆ ತಪ್ಪು ಅಚ್ಚಾಗಿ ಹೊರಬರುತ್ತದೆ, ಅಷ್ಟೇ. ಪರಿಹಾರದ ಹಣ ಅಚ್ಚಿನಲ್ಲಿರುವ ಹೆಸರನ್ನೇ ಹುಡುಕಿಕೊಂಡು ಹೋಗುತ್ತದೆ.

ಎರಡನೆಯದು ನೀರಿನ ಉತ್ತರ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ನುಗ್ಗಿತು. ಆ ಗೇಟು 60 ಅಡಿ ಅಗಲ, 20 ಅಡಿ ಎತ್ತರದ್ದು. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ತಲಾ 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ತುರ್ತಾಗಿ ತಯಾರಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಲಾಯಿತು. ಒಂದು ವಾರದೊಳಗೆ ನೀರು ನಿಂತಿತು.

ಈಗ ಯೋಚಿಸಿ. ಅಣೆಕಟ್ಟು ಪೂರ್ಣವಾದದ್ದು 1953ರಲ್ಲಿ. ಕಟ್ಟಿ 71 ವರ್ಷ ಕಳೆದಿತ್ತು. ಅಂಥ ತುಂಡು ಮಾಡಬೇಕಾದರೆ ಗೇಟು ಕೂರುವ ಗಾಡಿಯ ಅಗಲವೆಷ್ಟು, ತಳದ ಮಟ್ಟವೆಷ್ಟು, ಕಂಬದಿಂದ ಕಂಬಕ್ಕೆ ನಿಖರವಾದ ಅಂತರವೆಷ್ಟು ಎಂಬುದು ತಿಳಿದಿರಲೇಬೇಕು. ನೀರು ಧುಮ್ಮಿಕ್ಕುತ್ತಿರುವಾಗ ಟೇಪು ಹಿಡಿದು ಒಳಗೆ ಇಳಿಯಲಾಗದು. ಕಾರ್ಖಾನೆಯಲ್ಲಿ ಕತ್ತರಿಸಿದ ಉಕ್ಕು ಸ್ವಲ್ಪ ಅಗಲವಾದರೂ ಒಳಗೆ ಕೂರುವುದಿಲ್ಲ. ಕೆಳಗೆ ಕಾಲುವೆಯ ನೀರಿಗಾಗಿ ಮೂರು ರಾಜ್ಯಗಳ ರೈತರು ಕಾದಿರುತ್ತಾರೆ. ಅಂಥ ಗಳಿಗೆಯಲ್ಲಿ ಹಳೆಯ ನಕ್ಷೆಯ ಒಂದು ಅಂಕಿಗೆ ಬೆಲೆ ಕಟ್ಟಲಾಗದು.

ಆದ್ದರಿಂದಲೇ ಕಟ್ಟುವಾಗಿನ ಮಾಹಿತಿಯಷ್ಟೇ ಕಟ್ಟಿದ ಮೇಲಿನ ಮಾಹಿತಿಯೂ ಮುಖ್ಯ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಅಣೆಕಟ್ಟುಗಳ ತಪಾಸಣೆಯನ್ನೂ ದಾಖಲೆಯನ್ನೂ ಕಡ್ಡಾಯ ಮಾಡಿದೆ. ಕೇಂದ್ರ ಜಲ ಆಯೋಗ ‘ಧರ್ಮ’ ಎಂಬ ಹೆಸರಿನ ಗಣಕ ವ್ಯವಸ್ಥೆಯಲ್ಲಿ ದೇಶದ ಅಣೆಕಟ್ಟುಗಳ ಆರೋಗ್ಯದ ಮಾಹಿತಿಯನ್ನು ಒಂದೆಡೆ ಕೂಡಿಸುವ ಏರ್ಪಾಡು ಮಾಡಿದೆ. ಆಲಮಟ್ಟಿಯ ಕೆಳಗಿನ ನಾರಾಯಣಪುರ ಎಡದಂಡೆ ಕಾಲುವೆಯನ್ನು ಆಧುನೀಕರಿಸಿ, ಅದರ ಗೇಟುಗಳನ್ನು ದೂರದಿಂದಲೇ ನೋಡಿ ನಡೆಸುವ ‘ಸ್ಕಾಡಾ’ ವ್ಯವಸ್ಥೆ ಅಳವಡಿಸಲಾಯಿತು. 2023ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. 10,000 ಕ್ಯೂಸೆಕ್ ನೀರು ಒಯ್ಯಬಲ್ಲ ಕಾಲುವೆ ಅದು; ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ತುದಿಯ ಹೊಲಕ್ಕೆ ನೀರು ಯಾವ ದಿನ ಎಷ್ಟು ಬಿಟ್ಟರು ಎಂಬ ಅಂಕಿ ಉಳಿದರೆ ತುದಿಯ ರೈತನೂ ಅದನ್ನು ಕೇಳಬಹುದು, ಕಾಟಾ ಚೀಟಿ ಹಿಡಿದು ಕೇಳಿದ ಹಾಗೆ.

ಗಣಕಯಂತ್ರಕ್ಕೂ ತನ್ನದೇ ಆದ ಕಾಯಿಲೆಗಳಿವೆ. ಹಳೆಯ ತಂತ್ರಾಂಶದಲ್ಲಿ ಬರೆದ ಕಡತ ಮೂವತ್ತು ವರ್ಷದ ಬಳಿಕ ತೆರೆಯದೇ ಹೋಗಬಹುದು. ಅದರ ಗುಪ್ತಪದ ಒಬ್ಬನಿಗೇ ಗೊತ್ತಿದ್ದು ಆತ ವರ್ಗವಾಗಿ ಹೋಗಬಹುದು. ಒಂದೇ ಯಂತ್ರದಲ್ಲಿಟ್ಟ ಮಾಹಿತಿ ಆ ಯಂತ್ರದೊಂದಿಗೇ ಸುಟ್ಟುಹೋಗಬಹುದು. ಆದ್ದರಿಂದ ಪ್ರತಿಗಳು ಬೇರೆ ಬೇರೆ ಊರಿನಲ್ಲಿರಬೇಕು. ಎಲ್ಲರೂ ತೆರೆಯಬಲ್ಲ ರೂಪದಲ್ಲಿರಬೇಕು. ಕಾಲಕಾಲಕ್ಕೆ ತೆರೆದು ನೋಡುತ್ತಿರಬೇಕು. ಎಲ್ಲಕ್ಕಿಂತ ಮೊದಲು, ಸ್ಥಳಕ್ಕೆ ಹೋಗಿ ಅಳೆದವನು ಪ್ರಾಮಾಣಿಕನಾಗಿರಬೇಕು. ಯಂತ್ರಕ್ಕೆ ಸುಳ್ಳೂ ಒಂದು ಅಂಕಿಯೇ.

ವಿದ್ಯಾರ್ಥಿಗಳೇ, ನಿಮಗೊಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಇಬ್ಬಿಬ್ಬರು ಗೆಳೆಯರು ಸೇರಿ ನಿಮ್ಮ ಶಾಲೆಯ ಕೋಣೆಯನ್ನೋ ಊರಿನ ಬಾವಿಯನ್ನೋ ಬೇರೆ ಬೇರೆಯಾಗಿ ಅಳೆಯಿರಿ. ಎಲ್ಲಿಂದ ಎಲ್ಲಿಗೆ ಅಳೆದಿರಿ, ಯಾವ ದಿನ, ಯಾವ ಟೇಪಿನಿಂದ ಎಂಬುದನ್ನೂ ಬರೆಯಿರಿ. ಬಾವಿಯ ನೀರಿನ ಮಟ್ಟವನ್ನು ದಂಡೆಯ ಒಂದೇ ಕಲ್ಲಿನಿಂದ ತಿಂಗಳಿಗೊಮ್ಮೆ ಅಳೆಯಿರಿ. ತಪ್ಪಾದರೆ ಅಳಿಸಬೇಡಿ, ಗೆರೆ ಎಳೆದು ತಿದ್ದಿ. ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ಕಿರಿಯ ತರಗತಿಯವರ ಕೈಗೆ ಕೊಡಿ. ನಿಮ್ಮನ್ನು ಏನೂ ಕೇಳದೆ ಅವರು ಅದನ್ನು ಓದಿ ಮುಂದುವರಿಸಬಲ್ಲರಾದರೆ, ಇಂಜಿನಿಯರಿಂಗ್ ವಿದ್ಯೆಯ ಒಂದು ದೊಡ್ಡ ಪಾಠವನ್ನು ನೀವು ಕಲಿತಿರಿ ಎಂದೇ ತಿಳಿಯಿರಿ.