ಒಣಗಿದ ಮಾಪ್



ಸರ್ಜನ್‌ಗಳ ಸಭೆಯ ಅಧ್ಯಕ್ಷ ಪೀಠದಿಂದ ಹೊಸ ಯಂತ್ರಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಆಪರೇಷನ್ ಹೊತ್ತಿನಲ್ಲಿ ಲೈಟಿನ ಬಿಸಿಗೆ ಒಣಗಿಹೋಗುವ ಒಂದು ಮಾಪ್, ಅಂದರೆ ಹೊಟ್ಟೆಯೊಳಗೆ ಒರೆಸುವ ಬಟ್ಟೆಯ ಬಗ್ಗೆ ಮಾತನಾಡುತ್ತೇನೆ.

ಹನ್ನೊಂದು ವರ್ಷ ಹಿಂದೆ ಗರ್ಭಕೋಶ ತೆಗೆಸಿಕೊಂಡಿದ್ದ ತಾಯಿಯೊಬ್ಬರು ಒಂದು ರಾತ್ರಿ ಹೊಟ್ಟೆ ಉಬ್ಬಿ, ಹಸಿರು ವಾಂತಿ ಮಾಡಿಕೊಳ್ಳುತ್ತ ಬಂದರು. ತೆರೆದು ನೋಡಿದರೆ ಹಳೆಯ ಗಾಯದಡಿ ಬೆರಳಗಲದ ಬಿಳಿ ಪಟ್ಟಿ. ಅದರೊಳಗೆ ಸಿಕ್ಕಿಕೊಂಡ ಸಣ್ಣ ಕರುಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಟ್ಟಿ ಕತ್ತರಿಸಿ, ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಮಾಪ್ ಹೊದಿಸಿ, ಗಡಿಯಾರ ನೋಡುತ್ತ ನಿಂತೆವು. ಕರುಳು ನಿಧಾನವಾಗಿ ಕೆಂಪೇರಿತು. ಮೂರನೇ ದಿನ ಆಕೆ ಕೇಳಿದರು: “ಹೀಗೂ ಆಗ್ತದೆ ಅಂತ ಆವಾಗಲೇ ಒಂದು ಮಾತು ಹೇಳಬಾರದಿತ್ತಾ ಸಾರ್?” ಆ ಮೊದಲ ಆಪರೇಷನ್ ಮಾಡಿದ್ದವನು ನಾನೇ.

ಅಂಥ ಪಟ್ಟಿ ಹುಟ್ಟುವುದು ಹೀಗೆ. ಹೊಟ್ಟೆಯ ಒಳಪೊರೆಯ ಮೇಲ್ಮೈ ಒಂದೇ ಸಾಲು ಜೀವಕೋಶಗಳದ್ದು. ಒಣ ಬಟ್ಟೆಯಲ್ಲಿ ಒರೆಸಿದರೆ ಕಿತ್ತು ಬರುತ್ತದೆ. ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ಜಿಗುಟು ಕೂರುತ್ತದೆ. ಅದನ್ನು ಕರಗಿಸುವ ಶಕ್ತಿ ಪೊರೆಗೇ ಇದೆ. ಆದರೆ ಜಜ್ಜಿದ, ಸುಟ್ಟ, ರಕ್ತ ಹರಿಯದ ಜಾಗದಲ್ಲಿ ಆ ಶಕ್ತಿ ಕುಗ್ಗುತ್ತದೆ. ಮೊದಲ ಕೆಲವು ದಿನಗಳಲ್ಲಿ ಕರಗದೆ ಉಳಿದದ್ದರೊಳಗೆ ನಾರು ನೇಯುವ ಕೋಶಗಳು ಸೇರಿಕೊಂಡು, ಜಿಗುಟು ಪಟ್ಟಿಯಾಗುತ್ತದೆ; ಇದನ್ನೇ ‘ಅಂಟು’ ಎನ್ನುತ್ತೇವೆ. ಅಂದರೆ ಆ ಪಟ್ಟಿಗೆ ಬೀಜ ಬೀಳುವುದು ನಾವು ಹೊಟ್ಟೆ ಮುಚ್ಚುವ ಮೊದಲೇ.

ಅಂಟು ಅಪರೂಪದ ತೊಡಕು ಎಂದುಕೊಳ್ಳುವವರಿಗೆ ಸ್ಕಾಟ್ಲೆಂಡಿನ ಲೆಕ್ಕ ನೆನಪಿಸುತ್ತೇನೆ. 1986ರಲ್ಲಿ ಹೊಟ್ಟೆ ಅಥವಾ ಕಿಬ್ಬೊಟ್ಟೆ ತೆರೆಸಿಕೊಂಡ 29,790 ಜನರನ್ನು ಹತ್ತು ವರ್ಷ ಗಮನಿಸಿ, 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅಂಟಿಗೆ ಸಂಬಂಧಿಸಿದ ಅಥವಾ ಸಂಬಂಧಿಸಿರಬಹುದಾದ ಕಾರಣಕ್ಕೆ, ಇಲ್ಲವೇ ಅಂಟಿನಿಂದ ತೊಡಕಾಗಬಹುದಾದ ಆಪರೇಷನ್‌ಗೆ, ಸರಾಸರಿ ಎರಡು ಸಲ, ಮತ್ತೆ ಆಸ್ಪತ್ರೆ ಸೇರಿದ್ದರು.

ಅಂಟು ತಡೆಯುವ ಪೊರೆಗಳಿವೆ, ದ್ರವಗಳಿವೆ. ಸೆಪ್ರಾಫಿಲ್ಮ್ ಎಂಬ ಪೊರೆ ಹಾಕಿದ ಕಡೆ ಅಂಟು ಕಡಿಮೆಯಾಗುವುದು ನಿಜ. ಅದನ್ನೇ ಹೊಸದಾಗಿ ಹೊಲಿದ ಕರುಳಿನ ಜೋಡಣೆಗೆ ಸುತ್ತಿದರೆ ಸೋರುವ ಅಪಾಯ ಹೆಚ್ಚುತ್ತದೆ. ದುಡ್ಡಿನ ಮಾತೂ ಇದೆ. ತಾಲ್ಲೂಕು ಆಸ್ಪತ್ರೆಯ ರೋಗಿಗೆ ಅದನ್ನು ಬರೆದುಕೊಡುವುದು ಹೇಗೆ? ಲ್ಯಾಪರೊಸ್ಕೋಪಿಯಿಂದ ಅಂಟು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಕೈಯ ಹದಕ್ಕೆ ಮಾತ್ರ ದುಡ್ಡು ಬೇಕಿಲ್ಲ. ಮಾಪ್ ಒದ್ದೆಯಿರಲಿ, ಆಗಾಗ ಬದಲಾಗಲಿ. ಕರುಳನ್ನು ಹೊರಗೆ ಹರಡಿಟ್ಟು ಮರೆಯಬೇಡಿ. ರಕ್ತ ಒಸರುವ ಚುಕ್ಕಿಯನ್ನಷ್ಟೇ ಸುಡಿ, ಸುತ್ತಲಿನದನ್ನಲ್ಲ. ಪುಡಿ ಹಚ್ಚಿದ ಗ್ಲೌಸ್ ಅನ್ನು ಅಮೆರಿಕ 2017ರ ಜನವರಿಯಲ್ಲೇ ನಿಷೇಧಿಸಿತು; ಆ ಪುಡಿಯಿಂದ ಹೊಟ್ಟೆಯೊಳಗೆ ಗಂಟೂ ಅಂಟೂ ಆಗುತ್ತವೆ. ನಿಮ್ಮ ಥಿಯೇಟರಿನ ಡಬ್ಬದಲ್ಲಿ ಯಾವ ಗ್ಲೌಸ್ ಇದೆ ಎಂದು ನಾಳೆ ಬೆಳಿಗ್ಗೆ ದಯವಿಟ್ಟು ನೋಡಿ.

ಪಿ.ಜಿ. ವಿದ್ಯಾರ್ಥಿ ಮಿತ್ರರೇ, ರಿಟ್ರಾಕ್ಟರ್ ಹಿಡಿದು ನಿಂತಾಗ ಮಾಪ್ ಒಣಗಿದ್ದು ಕಂಡರೆ ಬಾಯಿಬಿಟ್ಟು ಹೇಳಿ. ಸರ್ಜನ್ ಸಿಡುಕಿದರೂ ಹೇಳಿ.

ಆ ತಾಯಿಯ ಪ್ರಶ್ನೆಯ ನಂತರ ನಮ್ಮ ವಾರ್ಡಿನ ಡಿಸ್ಚಾರ್ಜ್ ಚೀಟಿಯ ಕೊನೆಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿದ್ದೇವೆ: ‘ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿ ಹೋಗದಿದ್ದರೆ ತಡಮಾಡದೆ ಬನ್ನಿ. ಎಷ್ಟು ವರ್ಷವಾಗಿದ್ದರೂ, ಹಿಂದೆ ಆಪರೇಷನ್ ಆಗಿದೆ ಎಂದು ಹೇಳಿ.’ ಮನೆಗೆ ಹೊರಡುವ ಮುಂಚೆ ಸಿಸ್ಟರ್ ಅದನ್ನು ಓದಿ ಹೇಳುತ್ತಾರೆ.