ಹೆಪ್ಪಿಗೂ ಒಂದು ಹಗೆ



ನನ್ನ ಬಾಲ್ಯದಲ್ಲಿ ಎಂದಾದರೊಮ್ಮೆ, ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದೆ ಉಳಿಯುತ್ತಿತ್ತು. “ಹೆಪ್ಪು ಕೆಟ್ಟಿದೆ ಕಣೋ, ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಇಸ್ಕೊಂಡು ಬಾ” ಎನ್ನುತ್ತಿದ್ದರು ತಾಯಿ. ಕಾರಣ ಚಳಿಯೇ ಇದ್ದೀತು. ಆದರೆ ಹೆಪ್ಪಿಗೂ ರೋಗ ಬರುವುದುಂಟೆಂದು ನನಗೆ ತಿಳಿದದ್ದು ನಿವೃತ್ತಿಯ ಅನಂತರ. ಅದೂ ನಾನೆಂದೂ ರುಚಿ ನೋಡದ ಪದಾರ್ಥವೊಂದರ ವಿಷಯ ಓದುವಾಗ. ಅದು ಯೂರೋಪಿನ ಸಲಾಮಿ.

ಸಾಮಾನ್ಯವಾಗಿ ಸಲಾಮಿಯನ್ನು ಬೇಯಿಸುವುದಿಲ್ಲ. ಕೊಚ್ಚಿದ ಹಸಿಮಾಂಸಕ್ಕೆ ಉಪ್ಪು, ತುಸು ಸಕ್ಕರೆ, ಬ್ಯಾಕ್ಟೀರಿಯಾಗಳ ಹೆಪ್ಪು ಬೆರೆಸಿ, ಕರುಳಿನ ಚೀಲದಲ್ಲಿ ತುಂಬಿ ತೂಗುಹಾಕುತ್ತಾರೆ. ಹೆಪ್ಪಿನ ಜೀವಿಗಳು ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ. ಆ ಹುಳಿ, ಉಪ್ಪು, ಒಣಗುವಿಕೆ ಇವೇ ಮಾಂಸಕ್ಕೆ ಮುಖ್ಯ ಕಾವಲು. ಹುಳಿಯೇರುವುದು ತಡವಾದರೆ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಜೀವಿಗಳು ಬೆಳೆದು ವಿಷವನ್ನು ಬಿಡಬಲ್ಲವು. ತಿನ್ನುವವರ ಕ್ಷೇಮ ಹೀಗೆ ಹೆಪ್ಪನ್ನು ನಂಬಿದೆ.

ಆ ಹೆಪ್ಪನ್ನೇ ಕೊಲ್ಲುವ ವೈರಸ್ಸುಗಳಿವೆ. 1915ರಲ್ಲಿ ಇಂಗ್ಲೆಂಡಿನ ಟ್ವೋರ್ಟ್, 1917ರಲ್ಲಿ ಪ್ಯಾರಿಸ್ಸಿನಲ್ಲಿದ್ದ ದೆರೆಲ್ ಇಂಥವನ್ನು ಕುರಿತು ಬರೆದರು. ದೆರೆಲ್ ಇಟ್ಟ ಹೆಸರು ಬ್ಯಾಕ್ಟೀರಿಯೊಫೇಜ್, ಎಂದರೆ ಬ್ಯಾಕ್ಟೀರಿಯಾಭಕ್ಷಕ. ಕೋಶದೊಳಗೆ ಹೊಕ್ಕ ಒಂದು ಫೇಜ್ ಹತ್ತಾರು, ನೂರಾರಾಗಿ ಕೋಶವನ್ನೊಡೆದು ಹೊರಬರುತ್ತದೆ. ಚೀಸ್ ತಯಾರಿಕೆಯ ಹೆಪ್ಪು ಇದರಿಂದಲೇ ಸೋಲುವುದನ್ನು 1935ರಲ್ಲಿ ನ್ಯೂಜಿಲೆಂಡಿನ ವೈಟ್‌ಹೆಡ್ ಮತ್ತು ಕಾಕ್ಸ್ ತೋರಿಸಿದರು. 1984ರಲ್ಲಿ ನೆಸ್ ಮತ್ತು ಸೋರ್‌ಹೈಮ್ ಸಲಾಮಿಯ ಹೆಪ್ಪಿಗೆ ಬೇಕೆಂದೇ ಫೇಜ್ ತಗುಲಿಸಿ ಪರೀಕ್ಷಿಸಿದರು.

ಹಾಲಿನ ತೊಟ್ಟಿಯಲ್ಲಿ ಫೇಜ್ ಎಲ್ಲೆಡೆ ಹರಡುತ್ತದೆ. ಮಾಂಸದ ಮುದ್ದೆಯಲ್ಲಾದರೋ ಹೆಪ್ಪಿನ ಜೀವಿಗಳು ಇದ್ದಲ್ಲಿಯೇ ಗುಂಪುಗಟ್ಟಿರುತ್ತವೆ. ಒಂದು ಗುಂಪಿನ ಮಾರಿ ಇನ್ನೊಂದನ್ನು ಮುಟ್ಟುವುದು ಕಷ್ಟ. ಆದುದರಿಂದ ಮಾಂಸದವರಿಗೆ ಈ ಪೀಡೆ ಹಾಲಿನವರಿಗಿರುವಷ್ಟಿಲ್ಲ.

ಫೇಜ್ ಎಲ್ಲ ಬ್ಯಾಕ್ಟೀರಿಯಾಗಳನ್ನೂ ತಿನ್ನುವುದಿಲ್ಲ. ಅದಕ್ಕೆ ಒಗ್ಗುವ ತಳಿಗಳು ಕೆಲವೇ. ಒಂದೇ ಶುದ್ಧ ತಳಿಯ ಹೆಪ್ಪು ದಿನವೂ ಒಂದೇ ರುಚಿಯನ್ನು ಕೊಡುತ್ತದೆ, ನಿಜ; ಅದಕ್ಕೆ ತಕ್ಕ ಫೇಜ್ ಬಂದ ದಿನ ಕೆಲಸವೆಲ್ಲ ನಿಲ್ಲುತ್ತದೆ. ಹಲವು ತಳಿಗಳಿದ್ದರೆ ಒಂದು ಬಿದ್ದರೂ ಮತ್ತೊಂದು ನಡೆಸಿಕೊಂಡು ಹೋಗುತ್ತದೆ. ಇದನ್ನರಿತೇ ತಯಾರಕರು ತಳಿಗಳನ್ನು ಬೆರೆಸುತ್ತಾರೆ, ಸರದಿಯ ಮೇಲೆ ಬದಲಿಸುತ್ತಾರೆ.

ಮೂವತ್ತು ವರ್ಷ ಕನ್ನಡ ತರಗತಿಯಲ್ಲಿ ‘ಶುದ್ಧ’ ಎಂಬ ಮಾತನ್ನು ಹೊಗಳಿಕೆಯಾಗಿಯೇ ಬಳಸಿದವನು ನಾನು. ಬೆರಕೆ ನುಡಿಯ ಪ್ರಬಂಧಗಳಿಗೆ ಕೆಂಪು ಗೀಟೆಳೆದು ಅಂಕ ಕಡಿಮೆ ಮಾಡಿದ್ದೂ ಉಂಟು. ಈಗ ಆ ಮಾತನ್ನಾಡುವ ಮೊದಲು ತುಸು ತಡೆಯುತ್ತೇನೆ. ಪಕ್ಕದ ಮನೆಯ ಆ ಒಂದು ಚಮಚ ಮೊಸರಿನಿಂದಲೇ ಅಲ್ಲವೆ ನಮ್ಮ ಮನೆಯ ಹಾಲು ಮತ್ತೆ ಮೊಸರಾದದ್ದು?