ಮೈಲುತುತ್ತಕ್ಕೆ ಅದ್ದಿದ ಚಾಕು, ಹತ್ತನೇ ಕ್ಲಾಸಿನ ಕೆಮಿಸ್ಟ್ರಿ

ಇವತ್ತಿನ ಸಂಚಿಕೆ ಎಸ್ಸೆಸ್ಸೆಲ್ಸಿ ಓದ್ತಿರೋರಿಗೆ, ಮನೇಲಿ ಓದೋ ತಮ್ಮ ತಂಗಿ ಇರೋರಿಗೆ. ನಾನು ಓದಿದ್ದು ಕಾಮರ್ಸ್. ಆದ್ರೂ ಕೆಮಿಸ್ಟ್ರಿ ಮಾತಾಡ್ತೀನಿ. ಯಾಕಂದ್ರೆ ನಮ್ಮ ಹಳ್ಳಿಮೈಸೂರು ಕಡೆ ವಿಷಯ ಅರ್ಥವಾಗದೆ ಅಲ್ಲ, ಪದಕ್ಕೆ ಹೆದರಿಯೇ ಸೈನ್ಸ್ ಬಿಟ್ಟೋರನ್ನ ನೋಡಿದ್ದೀನಿ.

ಮೊದಲು ‘ಪ್ರತ್ಯಾಮ್ಲ’. ಬಿಡಿಸಿ ನೋಡಿ: ಪ್ರತಿ, ಆಮ್ಲ. ಆಮ್ಲಕ್ಕೆ ಎದುರು ನಿಲ್ಲೋದು, ಅಷ್ಟೇ. ನಿಂಬೆ, ಹುಣಸೆ, ಹುಳಿ ಮಜ್ಜಿಗೆಯಲ್ಲಿರೋದು ಆಮ್ಲ. ಎಲೆಗೆ ಹಚ್ಚೋ ಸುಣ್ಣ ಪ್ರತ್ಯಾಮ್ಲ. ನೀರಲ್ಲಿ ಕರಗೋ ಪ್ರತ್ಯಾಮ್ಲಕ್ಕೆ ‘ಕ್ಷಾರ’ ಅಂತಾರೆ. ಆಮ್ಲ, ಪ್ರತ್ಯಾಮ್ಲ ಸೇರಿದ್ರೆ ಲವಣ ಮತ್ತು ನೀರು ಬರುತ್ತೆ. ಇದೇ ‘ತಟಸ್ಥೀಕರಣ’.

ಇನ್ನು ‘ಸೂಚಕ’. ಮದುವೇಲಿ ಆರತಿ ಎತ್ತೋ ಓಕುಳಿ ನೀರು ಗೊತ್ತಲ್ವಾ? ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪು. ಅದಕ್ಕೇ ಸಾಕಷ್ಟು ನಿಂಬೆರಸ ಹಿಂಡಿ, ಮತ್ತೆ ಹಳದಿ. ಯಾವುದು ಪ್ರತ್ಯಾಮ್ಲ ಅಂತ ಅರಿಶಿನ ಬಣ್ಣದಲ್ಲೇ ತೋರಿಸುತ್ತೆ. ಲಿಟ್ಮಸ್ ಕಾಗದ ಮಾಡೋದೂ ಇಂಥದ್ದೇ ಕೆಲಸ: ಆಮ್ಲದಲ್ಲಿ ನೀಲಿ ಲಿಟ್ಮಸ್ ಕೆಂಪಾಗುತ್ತೆ, ಪ್ರತ್ಯಾಮ್ಲದಲ್ಲಿ ಕೆಂಪು ಲಿಟ್ಮಸ್ ನೀಲಿ.

ಈಗ ತೋಟಕ್ಕೆ ಬನ್ನಿ. ತೆಂಗಿನ ಸುಳಿ ಕೊಳೆತಕ್ಕೆ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ನೀರು ಆಮ್ಲೀಯ, ಸುಣ್ಣ ಪ್ರತ್ಯಾಮ್ಲ. ಸುಣ್ಣ ಕಡಿಮೆಯಾದ್ರೆ ಎಲೆ ಸುಡುತ್ತೆ. ಹಾಗಾಗಿ ಹೊಡೆಯೋ ಮುಂಚೆ ರೈತರು ಒಂದು ಹೊಳೆಯೋ ಕಬ್ಬಿಣದ ಚಾಕು ಅದ್ದಿ ನೋಡ್ತಾರೆ. ಚಾಕು ಮೇಲೆ ಕೆಂಪು ಕೂತ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ.

ಆ ಕೆಂಪು ಏನು? ತಾಮ್ರ. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ತಾಮ್ರವನ್ನ ಹೊರಗೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತೆ. ಪುಸ್ತಕದಲ್ಲಿ ಇದರ ಹೆಸರು ‘ಸ್ಥಾನಪಲ್ಲಟ ಕ್ರಿಯೆ’. ನಿಮ್ಮ ಪಾಠದಲ್ಲಿ ಕಬ್ಬಿಣದ ಮೊಳೆ ಅದ್ದೋ ಪ್ರಯೋಗ ಇದೆಯಲ್ಲ, ಅದೂ ಇದೇ.

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಎಡಗಡೆ ಇರೋದು ಪ್ರತಿವರ್ತಕಗಳು, ಬಲಗಡೆ ಉತ್ಪನ್ನಗಳು. ಸಮೀಕರಣ ಸರಿದೂಗಿಸೋದು ಅಂದ್ರೆ ನಮ್ಮ ಬ್ಯಾಲೆನ್ಸ್ ಶೀಟ್ ಇದ್ದಂಗೆ: ಎಡಗಡೆ ಎಷ್ಟು ಪರಮಾಣು ಇದ್ಯೋ ಬಲಗಡೆಯೂ ಅಷ್ಟೇ ಇರಬೇಕು. ಒಂದೂ ಕಳೆದುಹೋಗಲ್ಲ, ಹೊಸದಾಗಿ ಹುಟ್ಟಲ್ಲ.

ಮುಂದಿನ ವರ್ಷ ಪಿಯುಸಿಗೆ ಹೋದಾಗ ಆಮ್ಲ ಆ್ಯಸಿಡ್ ಆಗುತ್ತೆ, ಪ್ರತ್ಯಾಮ್ಲ ಬೇಸ್, ಕ್ಷಾರ ಆಲ್ಕಲಿ, ಲವಣ ಸಾಲ್ಟ್, ಸ್ಥಾನಪಲ್ಲಟ ಡಿಸ್‌ಪ್ಲೇಸ್‌ಮೆಂಟ್. ಬದಲಾಗೋದು ಹೆಸರು ಮಾತ್ರ, ಕ್ರಿಯೆ ಅಲ್ಲ. ಈ ಐದು ಜೋಡಿ ಇವತ್ತೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಕೊಳ್ಳಿ. ಕನ್ನಡ ಮೀಡಿಯಂ ಅಂತ ಸೈನ್ಸ್ ಬಿಡಬೇಡಿ.

ಒಂದು ಎಚ್ಚರಿಕೆ: ಮೈಲುತುತ್ತ ವಿಷ. ಮನೇಲಿ ಪ್ರಯೋಗ ಮಾಡೋದಾದ್ರೆ ಅರಿಶಿನ, ನಿಂಬೆಹಣ್ಣು ಸಾಕು. ಸುಣ್ಣ ಮುಟ್ಟಿದ ಕೈ ಕಣ್ಣಿಗೆ ತಾಗದಂಗೆ ನೋಡ್ಕೊಳ್ಳಿ. ಮುಂದಿನ ವಾರ ಸಿಗೋಣ.